ಒಳಗೆ ಬಿಟ್ಟ ಬಟ್ಟೆ

ಮೇ 23, 2021, ಭಾನುವಾರ
ಮೈಸೂರು

ಹಾಲು ತರಲು ಹೋಗಿ ಬರುವಷ್ಟರಲ್ಲಿ ಪ್ಯಾಂಟು ಎರಡು ಸಲ ಜಾರಿತು. ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಮಾಸ್ಕಿನೊಳಗೇ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದೆ. ಆಕ್ಸಿಮೀಟರು ರಕ್ತದ ಆಮ್ಲಜನಕ 96 ಅಂತ ತೋರಿಸಿತು. ಹಾಲಿನ ಅಂಗಡಿಗೆ ನಮ್ಮ ಗೇಟಿನಿಂದ ಇನ್ನೂರು ಹೆಜ್ಜೆ. ಎಣಿಸಿದ್ದೇನೆ, ಈಗ ಎಲ್ಲವನ್ನೂ ಎಣಿಸುವ ರೋಗ ಅಂಟಿದೆ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ. ಲಾಕ್‌ಡೌನ್ ಜೂನ್ 7ಕ್ಕೆ ಹೋಗಿದೆ.

"ಎಷ್ಟು ಇಳಿದುಹೋಗಿದ್ದೀಯೋ" ಅಂತ ಅಮ್ಮ ಇವತ್ತೂ ಕಣ್ಣೊರೆಸಿಕೊಂಡಳು. ಕೊರೊನಾ ಮುಗಿಸಿ ಆಸ್ಪತ್ರೆಯಿಂದ ಬಂದು ಹದಿನಾರು ದಿನವಾಯಿತು, ಫೋನು ಮಾಡಿದವರದೆಲ್ಲ ಅದೇ ರಾಗ. ವಿಡಿಯೋ ಕಾಲಿನಲ್ಲಿ ಮುಖ ನೋಡಿದ ದೊಡ್ಡಮ್ಮನಂತೂ "ಮೈಕೈ ತುಂಬ್ಕೊಂಡು ಲಕ್ಷಣವಾಗಿದ್ದ ಹುಡುಗ" ಅಂದಳು. ಹುಡುಗನಿಗೆ ನಲವತ್ಮೂರು. ಲಕ್ಷಣ ಅಂದರೆ 96 ಕೆಜಿ. ಈಗ ತಕ್ಕಡಿ 91 ಹೇಳುತ್ತಿದೆ.

ಅಪ್ಪ ತಕ್ಕಡಿ ನೋಡಲಿಲ್ಲ. ಟೇಪು ತೆಗೆದ. ನಲವತ್ತು ವರ್ಷ ಗಂಡಸರ ಪ್ಯಾಂಟು-ಷರ್ಟು ಹೊಲಿದವನಿಗೆ ಕೆಜಿ ಅನ್ನುವುದು ಅಕ್ಕಿ-ಬೇಳೆಯ ಮಾತು, ಮನುಷ್ಯರದ್ದು ಇಂಚು. ಅಂಗಡಿ ಮುಚ್ಚಿ ಹತ್ತು ವರ್ಷವಾದರೂ ಅಳತೆ ಪುಸ್ತಕಗಳನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾನೆ. ಅದರಲ್ಲಿ ನನ್ನದೂ ಇದೆ. 1996ರಲ್ಲಿ, ಕಾಲೇಜಿಗೆ ಸೇರಿದಾಗ, ಸೊಂಟ 28. ಮದುವೆಯ ಸೂಟಿಗೆ 34. ಮಗಳ ನಾಮಕರಣಕ್ಕೆ 36. ಆಮೇಲೆ ನಾನು ರೆಡಿಮೇಡಿಗೆ ಹೋದೆ, 38ಕ್ಕೇ ನಿಂತುಬಿಟ್ಟೆ. ವರ್ಷಗಟ್ಟಲೆ 38. ಅದೊಂದು ಸಮಾಧಾನವಿತ್ತು.

ಇವತ್ತು ಅಪ್ಪ ಆ ಸಮಾಧಾನದ ಗುಟ್ಟು ಒಡೆದ. ಹೊಟ್ಟೆ ಬಂದ ಗಿರಾಕಿ ಪ್ಯಾಂಟನ್ನು ಹೊಟ್ಟೆಯ ಮೇಲೆ ಕಟ್ಟುವುದಿಲ್ಲ, ಕೆಳಗಿಳಿಸಿ ಕಟ್ಟುತ್ತಾನೆ. ಟೇಪು ಸುತ್ತುವುದೂ ಅಲ್ಲೇ. ಹೊಟ್ಟೆ ಎಷ್ಟು ಬೆಳೆದರೂ ಅದರ ಅಡಿಯ ಅಳತೆ ಅಷ್ಟಾಗಿ ಬದಲಾಗುವುದಿಲ್ಲ. "ಹೊಕ್ಕಳ ಮೇಲೆ ಟೇಪ್ ಇಟ್ರೆ ಗಿರಾಕಿ ಮುಖ ಸಪ್ಪೆ ಆಗತ್ತೆ. ನಾವ್ಯಾಕೆ ಹೇಳ್ಬೇಕು?" ಇನ್ನೊಂದೂ ಹೇಳಿದ. ಸೊಂಟದ ಹಿಂಭಾಗದ ಹೊಲಿಗೆಯಲ್ಲಿ ಎರಡು ಇಂಚು ಬಟ್ಟೆ ಒಳಗೆ ಬಿಟ್ಟಿರುತ್ತಾರೆ, ಮುಂದೆ ಬಿಚ್ಚಿಸಿಕೊಳ್ಳಲಿ ಅಂತ. ಎಲ್ಲ ಗಂಡಸರಿಗೂ, ಕಡ್ಡಿಯಂತಿದ್ದವರಿಗೂ. ಇಳಿಯುತ್ತಾನೆ ಅಂತ ಯಾರಿಗೂ ಲೆಕ್ಕ ಹಾಕುತ್ತಿರಲಿಲ್ಲವಂತೆ.

ನಲವತ್ತು ವರ್ಷ ಪೇಟೆಯ ಗಂಡಸರ ಬಗ್ಗೆ ಅಪ್ಪನಿಗಿದ್ದ ಅಂದಾಜು ಅದು. ಸರ್ಕಾರದ ಕುಟುಂಬ ಆರೋಗ್ಯ ಸಮೀಕ್ಷೆಯೂ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದೆ. ಕಳೆದ ಡಿಸೆಂಬರಿನಲ್ಲಿ ಬಂದ ಐದನೇ ಸುತ್ತಿನ ಲೆಕ್ಕದಲ್ಲಿ ಕರ್ನಾಟಕದ ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಮೂವತ್ತು ಜನ ಅಧಿಕ ತೂಕದವರು. ಅದರ ಹಿಂದಿನ ಸುತ್ತಿನಲ್ಲಿ 22, 23ರ ಆಸುಪಾಸಿನಲ್ಲಿತ್ತು.

ಟೇಪು ಈ ಸಲ ಹೊಕ್ಕಳ ಮಟ್ಟಕ್ಕೆ ಬಂತು. ನಲವತ್ನಾಲ್ಕು. ಸೆಂಟಿಮೀಟರಿಗೆ ತಿರುಗಿಸಿದರೆ 112. ನಮ್ಮ ದೇಶದ ಗಂಡಸರಿಗೆ ವೈದ್ಯರು ಹಾಕಿರುವ ಗೆರೆ 90, ಹೆಂಗಸರಿಗೆ 80. ಕಾಯಿಲೆಗೆ ಮುಂಚೆ ಎಷ್ಟಿತ್ತೋ, ಅಳೆದವರಿಲ್ಲ.

ಆ ರಾತ್ರಿಯ ವಿಷಯ ಬರೆಯಬೇಕು ಅಂತ ಎರಡು ವಾರದಿಂದ ಅಂದುಕೊಳ್ಳುತ್ತಿದ್ದೇನೆ. ಏಪ್ರಿಲ್ ಕೊನೆ. ಜ್ವರ ಬಂದು ಆರನೇ ದಿನ. ಮನೆಯಲ್ಲಿ ಎಲ್ಲರಿಗೂ ಬಂದಿತ್ತು. ಮಗಳಿಗೆ ಎರಡು ದಿನ ಮೈ ಬಿಸಿ, ಹೆಂಡತಿಗೆ ರುಚಿ ಹೋಯಿತು, ಎಪ್ಪತ್ನಾಲ್ಕರ ಅಪ್ಪನಿಗೆ ಒಂದಿಷ್ಟು ಕೆಮ್ಮು, ಅಷ್ಟೆ. ಮಾರ್ಚಿನಲ್ಲೇ ಒಂದು ಡೋಸು ಹಾಕಿಸಿಕೊಂಡಿದ್ದ. ನನ್ನ ಆಕ್ಸಿಮೀಟರು ಮಾತ್ರ 94, 93, ಕೊನೆಗೆ 91. ಬೆಡ್ಡಿಗಾಗಿ ಹೆಂಡತಿ ಫೋನು ಹಚ್ಚುತ್ತಲೇ ಇದ್ದಳು. ಪರಿಚಯದ ಡಾಕ್ಟರೊಬ್ಬರು ಫೋನಿನಲ್ಲಿ, "ಬೆಡ್ ಸಿಗೋವರೆಗೆ ಬೋರಲು ಮಲಗಿಸಿ" ಅಂದರು.

ಕೇಂದ್ರ ಆರೋಗ್ಯ ಇಲಾಖೆ ಆ ದಿನಗಳಲ್ಲಿ ಹೊರಡಿಸಿದ್ದ ಚಿತ್ರ ವಾಟ್ಸಾಪಿನಲ್ಲಿ ಬಂದಿತ್ತು. ಕತ್ತಿನಡಿ ಒಂದು ದಿಂಬು, ಎದೆಯಿಂದ ತೊಡೆಯವರೆಗೆ ಒಂದೋ ಎರಡೋ, ಮೊಣಕಾಲಿನ ಕೆಳಗೆ ಎರಡು. ಚಿತ್ರದಲ್ಲಿರುವವನು ಹಲಗೆಯಂತೆ ಚಪ್ಪಟೆ. ನಾನು ಮಲಗಿದರೆ ಹೊಟ್ಟೆಯೇ ಒಂದು ದಿಂಬು. ಎದೆ ಹಾಸಿಗೆಗೆ ತಾಗುವುದಿಲ್ಲ, ಕತ್ತು ಹಿಂದಕ್ಕೆ ಮುರಿಯುತ್ತದೆ, ಉಸಿರು ಸಿಗುವುದರ ಬದಲು ಕಟ್ಟುತ್ತದೆ. ಮೊದಲ ಸಲ ಎರಡು ನಿಮಿಷಕ್ಕೆ ಎದ್ದು ಕೂತೆ. ಅಳು ಬಂತು. ಮಗಳು ಬಾಗಿಲಾಚೆ ನಿಂತಿದ್ದಳು ಅಂತ ನುಂಗಿಕೊಂಡೆ.

ಅಪ್ಪನೇ ಬಂದ, ಎರಡೆರಡು ಮಾಸ್ಕು ಕಟ್ಟಿಕೊಂಡು. ಹಳೆಯ ಹಾಸಿಗೆಯನ್ನು ಸುತ್ತಿ ಎದೆಯಡಿ ಒಂದು, ಸೊಂಟದ ಮೂಳೆಯಡಿ ಒಂದು ಇಟ್ಟ, ಮಧ್ಯೆ ಹೊಟ್ಟೆಗೆ ಜಾಗ ಬಿಟ್ಟ. ಬಟ್ಟೆಗೆ ಪ್ಯಾಟರ್ನು ಕತ್ತರಿಸುವವನ ಬುದ್ಧಿ. ಹೊಟ್ಟೆ ಆ ಹಳ್ಳದಲ್ಲಿ ಜೋತುಬಿತ್ತು. ಇಪ್ಪತ್ತು ನಿಮಿಷಕ್ಕೆ 91 ಇದ್ದದ್ದು 94. ಆಮೇಲೆ ಆಸ್ಪತ್ರೆಯಲ್ಲಿ ಕೇಳಿದರೆ, ದಪ್ಪಗಿರುವವರನ್ನು ಬೋರಲು ಹಾಕುವಾಗ ಅಲ್ಲೂ ಹೀಗೇ ಹೊಟ್ಟೆಯನ್ನು ತೂಗುಬಿಡುತ್ತಾರಂತೆ. ಅಪ್ಪನಿಗೆ ಹೇಳಿದೆ. "ಮತ್ತೆ?" ಅಂದ.

ಮರುದಿನ ಮಧ್ಯಾಹ್ನ ಬೆಡ್ ಸಿಕ್ಕಿತು. ಅಲ್ಲಿನ ಕಿರಿಯ ಡಾಕ್ಟರು ಪಿಪಿಇ ಕಿಟ್ಟಿನೊಳಗೆ ಬೆವರುತ್ತಾ ಒಂದು ರಾತ್ರಿ ಹತ್ತು ನಿಮಿಷ ನಿಂತು ವಿವರಿಸಿದ್ದು ನೆನಪಿದೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ಸ್ನಾಯು ಇದೆ, ಉಸಿರೆಳೆದಾಗ ಅದು ಕೆಳಗಿಳಿಯಬೇಕು. ಹೊಟ್ಟೆಯೊಳಗೆ ಬೊಜ್ಜು ತುಂಬಿದ್ದರೆ ಇಳಿಯಲು ಜಾಗವಿಲ್ಲ. ಅಂಗಾತ ಮಲಗಿದಾಗ ಆ ಭಾರವೆಲ್ಲ ಶ್ವಾಸಕೋಶದ ಬುಡದ ಮೇಲೆ. ಆರೋಗ್ಯವಾಗಿದ್ದಾಗಲೇ ಅಲ್ಲಿನ ಗಾಳಿಚೀಲಗಳು ಅರ್ಧ ಮುಚ್ಚಿಕೊಂಡಿರುತ್ತವೆ. ನ್ಯುಮೋನಿಯಾ ಬಂದರೆ ಉಳಿತಾಯದ ಖಾತೆಯಲ್ಲಿ ದುಡ್ಡೇ ಇರುವುದಿಲ್ಲ.

ಇನ್ನೊಂದು ಸಂಗತಿ ನನಗೆ ಹೊಸದು. ಬೊಜ್ಜು ಅಂದರೆ ಮೂಟೆ ಕಟ್ಟಿಟ್ಟ ಬೆಣ್ಣೆ ಅಂದುಕೊಂಡಿದ್ದೆ, ಸುಮ್ಮನೆ ಕೂತಿರುತ್ತದೆ ಅಂತ. ಅದು ಸುಮ್ಮನಿರುವುದಿಲ್ಲ. ಹೊಟ್ಟೆಯೊಳಗಿನ ಕೊಬ್ಬು ಹಗಲೂ ರಾತ್ರಿ ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ, ಅದರಲ್ಲಿ ಇಂಟರ್‌ಲ್ಯೂಕಿನ್-6 ಒಂದು. ಕೊರೊನಾ ವಿಕೋಪಕ್ಕೆ ಹೋದಾಗ ಏರುವುದೂ ಅದೇ. ಈ ತಿಂಗಳು ಜನ ಊರೂರು ಅಲೆದರೂ ಸಿಗದ ಟೊಸಿಲಿಜುಮ್ಯಾಬ್ ಇಂಜೆಕ್ಷನ್ನು ಮಾಡುವ ಕೆಲಸ ಆ ಇಂಟರ್‌ಲ್ಯೂಕಿನ್ನಿನ ದಾರಿ ಕಟ್ಟುವುದು. ರಕ್ತ ಹೆಪ್ಪುಗಟ್ಟುವ ಗುಣವೂ ದಪ್ಪಗಿರುವವರಲ್ಲಿ ಜಾಸ್ತಿ, ಕೊರೊನಾದಲ್ಲೂ ಜಾಸ್ತಿ. ಒಲೆ ಮೊದಲೇ ಹೊಗೆಯಾಡುತ್ತಿತ್ತು, ವೈರಸ್ಸು ಊದಿತು.

ಆಸ್ಪತ್ರೆಯ ಮೂರನೇ ದಿನ ರಕ್ತದ ಸಕ್ಕರೆ 340. ಅಲ್ಲಿ ಕೊಟ್ಟ ಸ್ಟೀರಾಯ್ಡಿನಿಂದ ಅಂತ ಸಮಾಧಾನಪಟ್ಟೆ. ಆದರೆ ಎಚ್‌ಬಿಎ1ಸಿ 8.1 ಬಂತು. ಅದು ಎರಡು-ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ, ಮೂರು ದಿನದ ಸ್ಟೀರಾಯ್ಡನ್ನು ದೂರುವ ಹಾಗಿಲ್ಲ. ಅಂದರೆ ನನಗೆ ಸಕ್ಕರೆ ಕಾಯಿಲೆ ಮೊದಲೇ ಇತ್ತು, ಯಾರೂ ನೋಡಿರಲಿಲ್ಲ. ನಾನೂ.

ಇಲ್ಲೇ ನನಗೊಂದು ತಕರಾರು. ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ, ಜೊತೆಗೆ 45ರಿಂದ 59ರವರೆಗಿನ ಕಾಯಿಲೆಯುಳ್ಳವರಿಗೆ ಲಸಿಕೆ ಅಂತ ಆಯಿತಲ್ಲ, ಆಗ ಇಪ್ಪತ್ತು ಕಾಯಿಲೆಗಳ ಪಟ್ಟಿ ಬಂತು. ಹೃದಯ, ಕಿಡ್ನಿ, ಲಿವರು, ಕ್ಯಾನ್ಸರು, ಸಕ್ಕರೆ ಎಲ್ಲ ಇದ್ದವು. ಬೊಜ್ಜು ಇರಲಿಲ್ಲ. ಇದ್ದಿದ್ದರೂ ನನಗೆ ವಯಸ್ಸು ಸಾಲುತ್ತಿರಲಿಲ್ಲ, ಅದು ಬೇರೆ. ಬ್ರಿಟನ್ನಿನಲ್ಲಿ ಬಿಎಂಐ, ಅಂದರೆ ಎತ್ತರಕ್ಕೆ ತೂಕವನ್ನು ತಾಳೆ ಹಾಕುವ ಅಂಕಿ, 40 ದಾಟಿದವರಿಗೆ ಆದ್ಯತೆಯ ಗುಂಪಿನಲ್ಲಿ ಜಾಗವಿತ್ತು. ಅಮೆರಿಕದ ನ್ಯೂಯಾರ್ಕ್ ರಾಜ್ಯ 30 ದಾಟಿದವರನ್ನೂ ಫೆಬ್ರವರಿಯಲ್ಲೇ ಸೇರಿಸಿತು. ನನ್ನದು ಆಗ 34. ನಮ್ಮಲ್ಲಿ ಬೊಜ್ಜು ಇನ್ನೂ ನಗೆಚಾಟಿಕೆಯ ವಸ್ತು, ಇಲ್ಲವೇ ಅನುಕೂಲಸ್ಥರ ಮನೆಯ ಗುರುತು. ಪಟ್ಟಿ ಬರೆಯುವವರೂ ಇದೇ ಊರಿನವರು ತಾನೆ.

ಬ್ರಿಟನ್ನಿನ ಪ್ರಧಾನಿ ಬೋರಿಸ್ ಜಾನ್ಸನ್ ಕಳೆದ ವರ್ಷ ಏಪ್ರಿಲಿನಲ್ಲಿ ಐಸಿಯುಗೆ ಹೋಗಿ ಬಂದಮೇಲೆ ತಾನು ವಿಪರೀತ ದಪ್ಪಗಿದ್ದೆ ಅಂತ ಕ್ಯಾಮೆರಾ ಮುಂದೆಯೇ ಒಪ್ಪಿಕೊಂಡರು. ಆ ಮನುಷ್ಯನ ಬಗ್ಗೆ ನನಗೇನೂ ವಿಶೇಷ ಗೌರವವಿಲ್ಲ. ಆದರೂ ನಮ್ಮ ಕಡೆಯ ಒಬ್ಬ ರಾಜಕಾರಣಿ ಹಾಗೆ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಗಣಿತದ ಮೇಷ್ಟ್ರು ಅನ್ನಿಸಿಕೊಂಡಮೇಲೆ ಅಂಕಿಗಳನ್ನು ಹಾಗೇ ನುಂಗಬಾರದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮಾರ್ಚಿನಲ್ಲಿ ಲೆಕ್ಕ ಕೊಟ್ಟಿತು. ಅವರು ಪರಿಶೀಲಿಸಿದ ಆಸ್ಪತ್ರೆಗಳಲ್ಲಿ ದಾಖಲಾದ ಕೋವಿಡ್ ರೋಗಿಗಳಲ್ಲಿ ನೂರಕ್ಕೆ 78 ಮಂದಿ ಅಧಿಕ ತೂಕದವರು. ಟಿವಿಯವರು ಅದನ್ನು ಕೆಂಪು ಅಕ್ಷರದಲ್ಲಿ ಹಾಕಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ದೇಶದ ವಯಸ್ಕರಲ್ಲೇ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನ ಹಾಗಿದ್ದಾರೆ! 78ರಲ್ಲಿ ಬೆಚ್ಚಿಬೀಳುವಂಥದ್ದು ಸ್ವಲ್ಪವೇ. ಹೆಚ್ಚು ನಂಬುವಂಥದ್ದು ಕಳೆದ ಆಗಸ್ಟಿನಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಬ್ಯಾರಿ ಪಾಪ್ಕಿನ್ ತಂಡ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಹಾಕಿ ತೆಗೆದ ಲೆಕ್ಕ. ಬೊಜ್ಜಿದ್ದವರು ಸೋಂಕಿಗೆ ಸಿಕ್ಕಾಗ ಆಸ್ಪತ್ರೆ ಸೇರುವ ಸಂಭವ ಎರಡು ಪಟ್ಟಿಗಿಂತ ಹೆಚ್ಚು, ಐಸಿಯು ಸೇರುವುದು ಶೇ. 74, ಸಾಯುವುದು ಶೇ. 48 ಹೆಚ್ಚು. ನಲವತ್ತೆಂಟು ಹೆಚ್ಚು ಅಂದರೆ ನೂರಕ್ಕೆ ನಲವತ್ತೆಂಟು ಜನ ಸಾಯುತ್ತಾರೆ ಅಂತಲ್ಲ. ಇದನ್ನು ಒಂಬತ್ತನೇ ಕ್ಲಾಸಿಗೆ ಆನ್‌ಲೈನಿನಲ್ಲಿ ವಿವರಿಸಲು ಹೋಗಿ ಸೋತಿದ್ದೇನೆ, ವಾಟ್ಸಾಪಿನ ದೊಡ್ಡವರಿಗೆ ಹೇಗೆ ಹೇಳಲಿ.

ನಮ್ಮ ಎದುರು ಮನೆಯವರು ಕಾಂಪೌಂಡಿನ ಆಚೆಯಿಂದ "ಅಷ್ಟು ದಪ್ಪ ಇದ್ರೆ ಬರದೇ ಇರತ್ತಾ" ಅಂದದ್ದು ಹೆಂಡತಿಗೆ ಕೇಳಿಸಿತ್ತು. ಇವತ್ತು ನಗುತ್ತಾ ಹೇಳಿದಳು, ನನಗೆ ನಗು ಬರಲಿಲ್ಲ. ಬಂದದ್ದು ಮನೆಯವರೆಲ್ಲರಿಗೂ, ಅವರ ಮನೆಗೂ. ನಮ್ಮ ಸ್ಕೂಲಿನಲ್ಲಿ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದ, ಒಂದು ಹಿಡಿ ಮಾಂಸ ಹೆಚ್ಚಿಲ್ಲದ ಸಹೋದ್ಯೋಗಿ ಮೇ ಮೊದಲ ವಾರದಲ್ಲಿ ಹೋದರು. 96 ಕೆಜಿಯ ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ. ಯಾವ ಸೂತ್ರ ಹಾಕಿದರೂ ಅದು ಕೂಡುವುದಿಲ್ಲ.

ಅಲ್ಲದೆ ತೆಳ್ಳಗೆ ಅನ್ನುವುದೂ ನಮ್ಮಲ್ಲಿ ಅಷ್ಟು ಸಲೀಸಲ್ಲ. ಪುಣೆಯ ಡಾಕ್ಟರ್ ಯಾಜ್ಞಿಕ್ ತನ್ನ ಬ್ರಿಟಿಷ್ ಸ್ನೇಹಿತ ಯಡ್ಕಿನ್ ಜೊತೆ ನಿಂತು ತೆಗೆಸಿಕೊಂಡ ಫೋಟೋ ಒಂದು 2004ರ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿದೆ. ಇಬ್ಬರದೂ ಬಿಎಂಐ 22.3. ಮೈಯಲ್ಲಿನ ಕೊಬ್ಬು ಮಾತ್ರ ಯಡ್ಕಿನ್‌ಗೆ ಶೇ. 9.1, ಯಾಜ್ಞಿಕರಿಗೆ 21.2. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ ಅಂತ ನಮ್ಮಜ್ಜಿ ಹೇಳುತ್ತಿದ್ದದ್ದು ಇದನ್ನೇ. ಅದಕ್ಕೇ ನಮ್ಮವರಿಗೆ ಬಿಎಂಐ ಗೆರೆಯನ್ನು 25ರ ಬದಲು 23ಕ್ಕೆ ಇಳಿಸಿರುವುದು. ಇದರ ಬೇರು ಗರ್ಭದಲ್ಲೇ ಇದೆ ಅನ್ನುವ ಸಂಶೋಧನೆಗೆ ನಮ್ಮೂರೂ ಸೇರಿದೆ. ಮಿಷನ್ ಆಸ್ಪತ್ರೆ ಅಂತ ನಾವು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ಲೆಡ್ಜರುಗಳಿದ್ದವು. ಆ ಮಕ್ಕಳನ್ನು ದೊಡ್ಡವರಾದಮೇಲೆ ಹುಡುಕಿ, ಯಾರಿಗೆ ಸಕ್ಕರೆ, ಯಾರಿಗೆ ಹೃದ್ರೋಗ ಅಂತ ತಾಳೆ ನೋಡಿದರು. ಅಪ್ಪ ಹುಟ್ಟಿದ್ದು ಹಳ್ಳಿಯ ಮನೆಯಲ್ಲಿ, ಅವನ ಹೆಸರು ಅಲ್ಲಿಲ್ಲ. ಹೇಳಿದಾಗ ಮಾತ್ರ ತುಂಬ ಖುಷಿಪಟ್ಟ. ಅದೂ ಒಂದು ಅಳತೆ ಪುಸ್ತಕವೇ ಅಲ್ಲವೆ.

ಕಳೆದ ಲಾಕ್‌ಡೌನಿನಲ್ಲಿ ನಾನು ಏಳು ಕೆಜಿ ಏರಿದ್ದು ಹೇಗೆ ಅಂತ ಯೋಚಿಸಿದರೆ ವಿಶೇಷವೇನಿಲ್ಲ. ವಾಕಿಂಗ್ ನಿಂತಿತು, ಮೊಬೈಲಿನ ಮುಂದೆ ಐದು ಪೀರಿಯಡ್ಡು ಕೂರುವುದು, ಸಂಜೆ ನಾಲ್ಕಕ್ಕೆ ಬೋಂಡ. ಭಯವಾದಾಗ ಕರಿದದ್ದು ಚೆನ್ನಾಗಿರುತ್ತದೆ.

ಈಗ ಅಮ್ಮನ ಯುದ್ಧ ಶುರುವಾಗಿದೆ. ಶಕ್ತಿ ಬರಬೇಕು ಅಂತ ದೋಸೆ ಮೇಲೆ ತುಪ್ಪ, ರಾತ್ರಿ ಬಾದಾಮಿ ಹಾಲು. ಸಕ್ಕರೆ ಕಾಯಿಲೆ ಅಂತ ಹೇಳಿದರೆ "ಬೆಲ್ಲ ಹಾಕಿದೀನಿ" ಅನ್ನುತ್ತಾಳೆ. ಪಾಪ, ಅವಳದೂ ಪೂರ್ತಿ ತಪ್ಪಲ್ಲ. ಮೈ ನಿಜಕ್ಕೂ ಸೊರಗಿದೆ. ಅಪ್ಪನ ಟೇಪಿನಲ್ಲಿ ಅದೂ ಕಂಡಿತು. ತೊಡೆಯಲ್ಲಿ ಎರಡು ಇಂಚು ಹೋಗಿದೆ, ಮೀನಖಂಡ ಜೋತಿದೆ. ಮೆಟ್ಟಿಲು ಹತ್ತುವಾಗ ನಡುಗುವುದು ಅದಕ್ಕೇ. ಕರಗಿದ ಐದು ಕೆಜಿಯಲ್ಲಿ ಬಹುಪಾಲು ಮಾಂಸಖಂಡ, ಹೊಟ್ಟೆ ಜಾಗ ಬಿಟ್ಟಿಲ್ಲ. ತಕ್ಕಡಿಯ ಮೇಲೆ ನಿಂತು ಐದು ಇಳಿದೆ ಅಂತ ಬೀಗಿದ್ದೆ. ಮೊಟ್ಟೆ, ಕಾಳು, ಮೊಸರು ತಿನ್ನು, ಗೋಡೆ ಹಿಡಿದು ಕೂತು ಏಳು ಅಂತ ಡಾಕ್ಟರು ಹೇಳಿದ್ದಾರೆ. ಇವತ್ತು ಹನ್ನೊಂದು ಸಲ ಆಯಿತು. ಹನ್ನೆರಡನೆಯದಕ್ಕೆ ಮಗಳು ಕೈ ಕೊಟ್ಟಳು.

ಸಂಜೆ ಅಪ್ಪ ನನ್ನ ಜಾರುವ ಪ್ಯಾಂಟನ್ನು ತಿರುವಿ ಹಾಕಿಕೊಂಡು ಕೂತಿದ್ದ. ರೆಡಿಮೇಡಿನವರು ಒಳಗೆ ಅರ್ಧ ಇಂಚೂ ಬಿಡುವುದಿಲ್ಲ ಅಂತ ಬೈದುಕೊಂಡ. "ಸೊಂಟ ಸ್ವಲ್ಪ ಹಿಡಿಸ್ಲಾ?" ಅಂತ ಕೇಳಿದ. ಅವನಿಂದ ಈ ಪ್ರಶ್ನೆ ಇದೇ ಮೊದಲು. ಸ್ವಲ್ಪ ಹೊತ್ತು ಯೋಚಿಸಿದೆ. ಊಟಕ್ಕೆ ಮುಂಚೆ ಬೆರಳು ಚುಚ್ಚಿದಾಗ 168 ಇತ್ತು.

"ಈಗ್ಲೇ ಬೇಡ" ಅಂದೆ.

"ಕಚ್ಚಾ ಹೊಲಿಗೆ ಹಾಕಿರ್ತೀನಿ" ಅಂದವನೇ ಬಿಳಿ ದಾರ ಹುಡುಕಿದ.