ಇಷ್ಟು ವರ್ಷ ಆದ್ಮೇಲೂ ಆ ಮೊಲದ ಆಟ ಯಾಕೆ?

ಮನೆಗೆ ಯಾರೇ ಬಂದರೂ ನನ್ನ ಲ್ಯಾಪ್‌ಟಾಪ್ ಕಡೆ ನೋಡಿ ಕೇಳುವುದು ಒಂದೇ ಪ್ರಶ್ನೆ. "ಎಷ್ಟೊಂದು ಹೊಸ ಫೈಟಿಂಗ್ ಗೇಮ್ ಬಂದಿವೆ, ಈ ಹಳೇ ಮೊಲದಲ್ಲಿ ಅಂಥದ್ದೇನಿದೆ?" ಬಾಯಲ್ಲಿ ಹೇಳಲು ಹೋದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಆಟದ ಹೆಸರು 'ಸಮುರಾಯ್ ವಾರಿಯರ್: ದಿ ಬ್ಯಾಟಲ್ಸ್ ಆಫ್ ಉಸಾಗಿ ಯೊಜಿಂಬೊ'. 1988ರಲ್ಲಿ ಬಂತು. ಮಾಡಿದ್ದು ಮೆಲ್ಬರ್ನ್‌ನ ಬೀಮ್ ಸಾಫ್ಟ್‌ವೇರ್, ಹೊರತಂದದ್ದು ಬ್ರಿಟನ್ನಿನ ಫೈರ್‌ಬರ್ಡ್. ನಾನು ಆಡುವುದು ಕಾಮೊಡೋರ್ 64 ಎಂಬ ಆ ಕಾಲದ ಮನೆ ಕಂಪ್ಯೂಟರಿನದ್ದು, ಎಮ್ಯುಲೇಟರ್‌ನಲ್ಲಿ, ಅಂದರೆ ಹಳೇ ಕಂಪ್ಯೂಟರಿನ ಹಾಗೆ ನಟಿಸುವ ಪ್ರೋಗ್ರಾಂನಲ್ಲಿ. ಸ್ಟಾನ್ ಸಕಾಯ್ ಅವರ ಕಾಮಿಕ್ಸ್‌ನಲ್ಲಿ 1984ರಿಂದ ಓಡಾಡುತ್ತಿರುವ ಮೊಲ ಉಸಾಗಿಯೇ ಇಲ್ಲಿ ನಾಯಕ. ಒಡೆಯನಿಲ್ಲದ ಸಮುರಾಯ್, ಅಂದರೆ ಹಳೇ ಜಪಾನಿನ ಕತ್ತಿವೀರ. ದುಷ್ಟ ಹಿಕಿಜಿಯ ಕೈಗೆ ಸಿಕ್ಕ ಎಳೆಯ ದೊರೆ ನೊರಿಯುಕಿಯನ್ನು ಬಿಡಿಸಿಕೊಂಡು ಬರಬೇಕು. ಆ ದೊರೆ ಒಂದು ಪಾಂಡಾ.

ಈಗ ನನ್ನ ಉತ್ತರ. ಹೊಡೆದಾಟದ ಆಟಗಳಲ್ಲಿ ಸಾಮಾನ್ಯವಾಗಿ ಎದುರಿಗೆ ಬಂದವನೆಲ್ಲ ಶತ್ರು. ಇಲ್ಲಿ ಹಾಗಿಲ್ಲ. ಉಸಾಗಿಯ ಕತ್ತಿ ಒರೆಯಲ್ಲಿದ್ದಾಗ ಅದೇ ಜಾಯ್‌ಸ್ಟಿಕ್‌ನಿಂದ ಬಾಗಿ ನಮಸ್ಕರಿಸಬಹುದು, ದುಡ್ಡು ಕೊಡಬಹುದು. ಕತ್ತಿ ಹಿರಿದರೆ ಅದೇ ಜಾಯ್‌ಸ್ಟಿಕ್ ಏಟು ಹಾಕುತ್ತದೆ. ದಾರಿಯಲ್ಲಿ ರೈತರು, ಸನ್ಯಾಸಿಗಳು, ಸೈನಿಕರು, ಕಳ್ಳರು ಎಲ್ಲರೂ ಸಿಗುತ್ತಾರೆ. ಯಾರ ಮುಂದೆ ಬಾಗಬೇಕು, ಯಾರ ಮುಂದೆ ಕತ್ತಿ ಹಿರಿಯಬೇಕು ಅಂತ ನೀವೇ ನೋಡಿ ತೀರ್ಮಾನಿಸಬೇಕು. ಅದಕ್ಕೆ ಸಿಗುವ ಸಮಯ ನಾಲ್ಕೈದು ಹೆಜ್ಜೆಯಷ್ಟು, ಅಷ್ಟೇ.

ಸ್ಕೋರಿನ ಜಾಗದಲ್ಲಿ ಇಲ್ಲಿರುವುದು ಕರ್ಮ. ಹೌದು, ನಮ್ಮ ಕರ್ಮವೇ. ಸನ್ಯಾಸಿಗೆ ಕಾಸು ಕೊಟ್ಟರೆ ಏರುತ್ತದೆ, ಅಮಾಯಕನನ್ನು ಕಡಿದರೆ ಇಳಿಯುತ್ತದೆ. ಸೊನ್ನೆಗಿಂತ ಕೆಳಗೆ ಹೋಯಿತೋ, ಉಸಾಗಿ ತನ್ನ ಕತ್ತಿಯಿಂದ ತಾನೇ ಪ್ರಾಣ ಕಳೆದುಕೊಳ್ಳುತ್ತಾನೆ. ಶತ್ರು ಕೊಲ್ಲಲಿಲ್ಲ, ನಾನು ಆಡಿದ ರೀತಿ ಕೊಂದಿತು. 1988ರ ಒಂದು ಆಟ ಇಷ್ಟು ದೂರ ಯೋಚಿಸಿತ್ತಲ್ಲ ಅಂತ ನನಗೆ ಇವತ್ತಿಗೂ ಗೌರವ.

ಪ್ರಾಣಿಗಳೇ ಯಾಕೆ ಅಂತಲೂ ಕೇಳುತ್ತಾರೆ. ಕಾಮಿಕ್ಸ್‌ನಿಂದ ಬಂದವು, ನಿಜ. ಆದರೆ ಆ ಕಂಪ್ಯೂಟರಿಗೂ ಅದು ಚೆನ್ನಾಗಿ ಒಗ್ಗಿತು. ಇದ್ದದ್ದು 64 ಕೆಬಿ ಮೆಮೊರಿ. ಪರದೆ ಮೇಲೆ ಓಡಾಡುವ ಚಿತ್ರಗಳಿಗೆ, ಅಂದರೆ ಸ್ಪ್ರೈಟ್‌ಗಳಿಗೆ, ಚಿಪ್ ಕೊಡುತ್ತಿದ್ದದ್ದು ಎಂಟೇ. ಒಂದೊಂದೂ 24 ಚುಕ್ಕಿ ಅಗಲ, 21 ಚುಕ್ಕಿ ಎತ್ತರ. ಜಾಸ್ತಿ ಬಣ್ಣ ಬೇಕೆಂದರೆ ಅಡ್ಡಕ್ಕೆ 12 ದಪ್ಪ ಚುಕ್ಕಿ ಮಾತ್ರ. ಅಷ್ಟರಲ್ಲಿ ಮನುಷ್ಯರ ಮುಖ ಬರೆದರೆ ಎಲ್ಲರೂ ಒಂದೇ ಥರ ಕಾಣುತ್ತಾರೆ. ಆದರೆ ಮೊಲದ ಕಿವಿ? ಉಸಾಗಿ ಎರಡೂ ಕಿವಿಗಳನ್ನು ಮೇಲಕ್ಕೆತ್ತಿ ಸಮುರಾಯ್ ಜುಟ್ಟಿನ ಹಾಗೆ ಕಟ್ಟಿದ್ದಾನೆ. ಎಷ್ಟು ದೂರದಿಂದ ನೋಡಿದರೂ ಗೊತ್ತಾಗುತ್ತದೆ, ಅಲ್ವಾ?

ಕಳೆದ ರಜೆಯಲ್ಲಿ ತಂಗಿಯ ಮಗ ಬಂದಿದ್ದ. ಜಾಯ್‌ಸ್ಟಿಕ್ ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂತೆ. ಕತ್ತಿ ಹಿರಿದುಕೊಂಡೇ ನಡೆದ. ಮೊದಲ ರೈತನನ್ನು ಕಡಿದ, ಎರಡನೆಯವನನ್ನೂ ಕಡಿದ. ಸ್ವಲ್ಪ ಹೊತ್ತಿಗೆಲ್ಲ ಮೊಲ ಮಂಡಿಯೂರಿತು. ಅವನು ಪರದೆಯನ್ನೇ ನೋಡುತ್ತಾ ಕೂತ. ಆಮೇಲೆ ಮೆಲ್ಲಗೆ, "ಮಾಮಾ, ಇದು ಯಾಕೆ ಹಂಗೆ ಮಾಡ್ಕೊಳ್ತು?" ಅಂದ. ಹೇಳಿದೆ. ಮತ್ತೆ ಶುರು ಮಾಡಿದ. ಈ ಸಲ ಎದುರಿಗೆ ರೈತ ಬಂದಾಗ ನಿಂತ, ಕತ್ತಿ ಮುಟ್ಟಲಿಲ್ಲ. ಮೊಲ ಬಾಗಿತು.