ಮೂರು ಮೀಟರ್ ಪರದೆಯ ಮೇಲೆ ಬೆಂಗಳೂರಿನ ದಿಣ್ಣೆ

ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನ ತ್ರೀಡಿ ಪ್ರದರ್ಶನ ನೋಡಿಕೊಂಡು ವಿಶ್ವವಿದ್ಯಾಲಯದ ಸ್ಟೀರಿಯೊ ಲ್ಯಾಬಿಗೆ, ಅಂದರೆ ಎರಡು ಕಣ್ಣಿಗೆ ಬೇರೆಬೇರೆ ಚಿತ್ರ ತೋರಿಸಿ ಆಳ ಕಾಣಿಸುವ ಕೋಣೆಗೆ, ಹೊರಡುವುದು ಒಳ್ಳೆಯದು. ಅಲ್ಲಿ ಮಕ್ಕಳು ಕೈಚಾಚಿ ಗಾಳಿ ಹಿಡಿಯುತ್ತಾರೆ. ಲ್ಯಾಬಿನಲ್ಲಿ ಯಾರಾದರೂ ಹಾಗೆ ಕೈಚಾಚಿದರೆ, ತಂತ್ರಾಂಶದೊಳಗಿನ ಕ್ಯಾಮೆರಾ ಸರಿಯಾಗಿ ಹೊಂದಿಸಿಲ್ಲ ಎಂದೇ ಅರ್ಥ. ಮೂಗಿನ ಮುಂದಕ್ಕೆ ಹಾರಿ ಬರುವುದು ಸಿನಿಮಾಕ್ಕೆ ಚೆಂದ. ಅಳೆದು ನೋಡಬೇಕಾದ ದತ್ತಾಂಶ ಪರದೆಯ ಆಸುಪಾಸಿನಲ್ಲಿ, ಹೆಚ್ಚಿನಂಶ ಅದರ ಹಿಂದೆ ಕೂರಬೇಕು.

ಲ್ಯಾಬಿಗೆ ಹೋಗಲು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ನೇರಳೆ ಮಾರ್ಗದ ಚಲ್ಲಘಟ್ಟ ಕಡೆಯ ರೈಲು ಹತ್ತಿ. ಮೆಜೆಸ್ಟಿಕ್ ದಾಟಿ ಮೈಸೂರು ರಸ್ತೆ ತಲುಪುವಷ್ಟರಲ್ಲಿ ಊರಿನ ನೆತ್ತಿಯನ್ನೇ ದಾಟಿರುತ್ತೀರಿ, ಗೊತ್ತಾಗಿರುವುದಿಲ್ಲ. ಮಳೆನೀರನ್ನು ಎರಡು ಕಡೆಗೆ ಹಂಚುವ ದಿಣ್ಣೆಯೇ ಆ ನೆತ್ತಿ. ಅದರ ಪೂರ್ವಕ್ಕೆ ಬಿದ್ದ ಮಳೆ ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ (ಇದು ರೈಲು ಹೋಗುವ ಚಲ್ಲಘಟ್ಟವಲ್ಲ) ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಪಶ್ಚಿಮದ್ದು ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿಗೆ. ನಕ್ಷೆಯಲ್ಲಿ ಎಷ್ಟು ಸಲ ನೋಡಿದರೂ ಮನಸ್ಸಿಗೆ ಇಳಿಯದ ಈ ನೀರಿನ ಪಾಲು ಸ್ಟೀರಿಯೊ ಪರದೆಯ ಮೇಲೆ ಒಂದೇ ನೋಟಕ್ಕೆ ತಿಳಿಯುತ್ತದೆ. ಅದಕ್ಕಾಗಿಯೇ ಹೋಗಬೇಕು.

ಇಂಥ ಲ್ಯಾಬ್ ಎಂದರೆ ದೊಡ್ಡ ಸಲಕರಣೆಯೇನಲ್ಲ. 1992ರಲ್ಲಿ ಶಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯದವರು ತೋರಿಸಿದ ‘ಕೇವ್’ನಲ್ಲಿ ಗೋಡೆಗಳೂ ನೆಲವೂ ಪರದೆಯೇ. ಇಲ್ಲಿರುವುದು ಒಂದೇ ಗೋಡೆ, ಒಂದರ ಮೇಲೊಂದು ಕೂರಿಸಿದ, ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಎರಡು ಡಿಎಲ್‌ಪಿ ಪ್ರೊಜೆಕ್ಟರ್, ಅವುಗಳ ಮುಂದೆ ಒಂದೊಂದು ಪೋಲರೈಸರ್ ಫಿಲ್ಟರ್ (ಬೆಳಕಿನ ಕಂಪನವನ್ನು ಒಂದೇ ರೀತಿಗೆ ತರುವ, ಅಂದರೆ ಧ್ರುವೀಕರಿಸುವ ಹಾಳೆ), ಎರಡು ಔಟ್‌ಪುಟ್ ಇರುವ ಗ್ರಾಫಿಕ್ಸ್ ಕಾರ್ಡ್, ಹಾಗೂ ಪ್ರತಿ ಕಣ್ಣಿಗೂ ಅದರದೇ ಚಿತ್ರವನ್ನಷ್ಟೇ ಬಿಡುವ ಒಂದು ಬುಟ್ಟಿ ತುಂಬ ಕನ್ನಡಕ. ದುಡ್ಡು ಉಳಿಸಲು ಎಲ್‌ಸಿಡಿ ಪ್ರೊಜೆಕ್ಟರ್ ತಂದರೆ ಕೆಲಸ ಕೆಡುತ್ತದೆ. ಅದರ ಬೆಳಕು ಮೊದಲೇ ಧ್ರುವೀಕರಣಗೊಂಡಿರುತ್ತದೆ, ಹಲವು ಮಾದರಿಗಳಲ್ಲಿ ಹಸಿರಿನದು ಒಂದು ದಿಕ್ಕು, ಕೆಂಪು-ನೀಲಿಯದು ಇನ್ನೊಂದು. ಫಿಲ್ಟರ್ ಹಾಕಿದ ಕೂಡಲೇ ಒಂದು ಕಣ್ಣಿಗೆ ಬಣ್ಣವೇ ಬದಲಾಗುತ್ತದೆ. ಬಿಳಿ ಗೋಡೆಯೂ ನಡೆಯುವುದಿಲ್ಲ. ಸಾದಾ ಬಿಳುಪು ಧ್ರುವೀಕರಣವನ್ನು ಕಲಸಿಬಿಡುವುದರಿಂದ ಬೆಳ್ಳಿಲೇಪದ ಪರದೆಯೇ ಬೇಕು. ಬೆಳ್ಳಿಪರದೆಗೂ ಒಂದು ಚಾಳಿಯಿದೆ: ಪಕ್ಕದಲ್ಲಿ ಕೂತವರಿಗೆ ಅರ್ಧ ಚಿತ್ರ ಮಂಕು. ನಡುವಿನ ಕುರ್ಚಿಗೆ ಬೇಗ ಹೋಗಿ ಕೂತುಕೊಳ್ಳಿ.

ಫಿಲ್ಟರನ್ನು ಲೆನ್ಸಿಗೆ ಅಂಟಿಸಬಾರದು, ಶಾಖಕ್ಕೆ ಸುಟ್ಟು ಕಂದುತ್ತದೆ. ಕೆಲವು ಸೆಂಟಿಮೀಟರ್ ದೂರ ನಿಲ್ಲಿಸಬೇಕು. ಪ್ರೊಜೆಕ್ಟರ್ ಶುರು ಮಾಡಿ ಅರ್ಧ ಗಂಟೆ ಬಿಟ್ಟು ಹೊಂದಾಣಿಕೆ ಮಾಡಬೇಕು, ಬಿಸಿಯಾಗುತ್ತ ಚಿತ್ರ ಸ್ವಲ್ಪ ಸರಿಯುತ್ತದೆ. ಒಂದರಲ್ಲಿ ಕೆಂಪು ಗೆರೆಚೌಕ, ಇನ್ನೊಂದರಲ್ಲಿ ಹಸಿರು. ಎರಡೂ ಕೂಡಿದ ಕಡೆ ಹಳದಿ. ಮೊದಲು ನಡುವಿನದನ್ನು ಕೂಡಿಸಿ, ಆಮೇಲೆ ನಾಲ್ಕು ಮೂಲೆ. ಕಾಲಿನ ತಿರುಪು, ಝೂಮ್, ಲೆನ್ಸ್ ಶಿಫ್ಟ್‌ಗಳಲ್ಲೇ ಮುಗಿಸಬೇಕು. ಓರೆಯಾದ ಚಿತ್ರವನ್ನು ಡಿಜಿಟಲ್ ಆಗಿ ನೇರ ಮಾಡುವ ರಿಮೋಟಿನ ಕೀಸ್ಟೋನ್ ಬಟನ್ ಮುಟ್ಟಿದರೆ ಪಿಕ್ಸೆಲ್‌ಗಳು ಅಳಿಸಿ ಬರೆದಂತಾಗಿ ಸಣ್ಣ ಗೆರೆಗಳು ಮಸುಕಾಗುತ್ತವೆ. ಎಡಬಲದ ತಪ್ಪನ್ನು ಕಣ್ಣು ಆಳವೆಂದು ಓದಿಕೊಂಡು ಸುಮ್ಮನಾಗುತ್ತದೆ. ಮೇಲೆ-ಕೆಳಗಿನ ತಪ್ಪನ್ನು ಮಾತ್ರ ಕ್ಷಮಿಸುವುದಿಲ್ಲ, ಹತ್ತು ನಿಮಿಷದಲ್ಲಿ ತಲೆನೋವು.

ಕನ್ನಡಕ ರೇಖೀಯ ಧ್ರುವೀಕರಣದ್ದಾದರೆ, ಅಂದರೆ ಒಂದೇ ನೇರ ದಿಕ್ಕಿನ ಕಂಪನವನ್ನು ಬಿಡುವಂಥದ್ದಾದರೆ, ತಲೆ ವಾಲಿಸಬೇಡಿ. 10 ಡಿಗ್ರಿ ವಾಲಿದರೆ ಸುಮಾರು ಶೇ 3ರಷ್ಟು ಬೆಳಕು ತಪ್ಪು ಕಣ್ಣಿಗೆ ಸೋರುತ್ತದೆ, 20 ಡಿಗ್ರಿಗೆ ಶೇ 12ರ ಹತ್ತಿರ. ಪ್ರತಿ ಅಂಚಿಗೂ ಜೋಡಿ ನೆರಳು. ಕಂಪನ ಸುತ್ತುತ್ತ ಸಾಗುವ ವೃತ್ತೀಯ ಫಿಲ್ಟರಿಗೆ ಈ ಕಾಟ ಕಡಿಮೆ.

ಇನ್ನು ದತ್ತಾಂಶ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ ಎಸ್‌ಆರ್‌ಟಿಎಮ್ ಎತ್ತರದ ಮಾಹಿತಿ ಸಾಕು. ಸುಮಾರು 30 ಮೀಟರಿಗೊಂದು ಬಿಂದು. ಮೊದಲಬಾರಿ ತರುವವರು ಮಾಡುವ ತಪ್ಪು ಒಂದೇ: ಅಕ್ಷಾಂಶ-ರೇಖಾಂಶ ಡಿಗ್ರಿಯಲ್ಲಿದ್ದು ಎತ್ತರ ಮೀಟರಿನಲ್ಲಿರುವ ಫೈಲನ್ನು ಹಾಗೇ ತೆರೆಯುವುದು. ಬೆಂಗಳೂರು ಸೂಜಿಗಳ ಕಟ್ಟಿನಂತೆ ಎದ್ದು ನಿಲ್ಲುತ್ತದೆ! ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಮೀಟರಿನಲ್ಲಿ ಅಳೆಯುವ ಯುಟಿಎಮ್ ವಲಯ 43 ಉತ್ತರಕ್ಕೆ ಬದಲಿಸಿಕೊಂಡು, ದತ್ತಾಂಶವನ್ನು ತ್ರೀಡಿ ಚಿತ್ರವಾಗಿಸುವ ಪ್ಯಾರಾವ್ಯೂನಲ್ಲಿ ಎತ್ತರದಿಂದ 900 ಮೀಟರ್ ಕಳೆದು, ಎತ್ತರಕ್ಕೆ ತಕ್ಕಂತೆ ನೆಲವನ್ನು ಮೇಲೆತ್ತುವ ‘ವಾರ್ಪ್ ಬೈ ಸ್ಕೇಲಾರ್’ ಹಾಕಿ.

ಎತ್ತರವನ್ನು ಹಿಗ್ಗಿಸುವ ಗುಣಕ ಎಷ್ಟಿರಬೇಕು? ಪರದೆ 3 ಮೀಟರ್ ಅಗಲ, ತೋರಿಸುವ ನೆಲ 30 ಕಿಲೋಮೀಟರ್ ಎಂದಿಟ್ಟುಕೊಳ್ಳಿ. 100 ಮೀಟರ್ ಏರಿಳಿತ ಬರೀ 1 ಸೆಂಟಿಮೀಟರ್ ಆಗುತ್ತದೆ, ಯಾರಿಗೂ ಕಾಣುವುದಿಲ್ಲ. 10 ಪಟ್ಟು ಹಿಗ್ಗಿಸಿದರೆ 10 ಸೆಂಟಿಮೀಟರ್, ಆಗ ದಿಣ್ಣೆ ಎದ್ದು ಬರುತ್ತದೆ. ಅದರ ಜೊತೆ 5 ಮೀಟರಿನ ಅಳತೆದೋಷವೂ 50 ಮೀಟರಿನ ಗುಡ್ಡೆಯಾಗುತ್ತದೆ ಎಂಬುದನ್ನು ಮರೆಯಬೇಡಿ. ಮರಗಳೂ ಕಟ್ಟಡಗಳೂ ಆ ರೇಡಾರಿಗೆ ನೆಲವೇ.

ಆಮೇಲೆ ಕ್ಯಾಮೆರಾ ಗುರಿಯಿಟ್ಟು ನೋಡುವ ಫೋಕಲ್ ಪಾಯಿಂಟನ್ನು ದಿಣ್ಣೆಯ ಹತ್ತಿರ ಇಡಿ, ಆ ಆಳ ಪರದೆಯ ಮೇಲೆ ಕೂರುತ್ತದೆ. ದೂರದ ತುದಿಯಲ್ಲಿ ಎಡ-ಬಲ ಚಿತ್ರಗಳ ಅಂತರ ನಮ್ಮೆರಡು ಕಣ್ಣುಗಳ ಅಂತರವನ್ನು, ಅಂದರೆ ಸುಮಾರು 63 ಮಿಲಿಮೀಟರನ್ನು ಮೀರಬಾರದು. ಮೀರಿದರೆ ಕಣ್ಣು ಹೊರಕ್ಕೆ ತಿರುಗಬೇಕಾಗುತ್ತದೆ, ಅದು ಆಗದ ಕೆಲಸ. 1920 ಪಿಕ್ಸೆಲ್‌ಗಳ ಈ ಪರದೆಯಲ್ಲಿ ಒಂದು ಪಿಕ್ಸೆಲ್ 1.56 ಮಿಲಿಮೀಟರ್, ಹಾಗಾಗಿ ಮಿತಿ 40 ಪಿಕ್ಸೆಲ್. ಶಾಲಾಮಕ್ಕಳು ಬಂದ ದಿನ 30ಕ್ಕೆ ಇಳಿಸಿ.

ಕರೆಂಟಿನ ವಿಷಯ ಒಂದಿದೆ. ದೀಪದ ಪ್ರೊಜೆಕ್ಟರಾದರೆ ಆರಿಸಿದ ಮೇಲೂ ಫ್ಯಾನ್ ನಿಲ್ಲುವವರೆಗೆ ಪ್ಲಗ್ ಕೀಳಬಾರದು. ಯುಪಿಎಸ್ ಇಲ್ಲದಿದ್ದರೆ ಮಳೆಗಾಲದ ಸಂಜೆ ಹೋಗಲೇಬೇಡಿ.

ಹಿಂದಿರುಗುವ ರೈಲಿನಲ್ಲಿ ನಾಯಂಡಹಳ್ಳಿಯ ಬಳಿ ಕೆಳಗೆ ಕಣ್ಣು ಹಾಯಿಸಿ. ಕಾಂಕ್ರೀಟ್ ಗೋಡೆಗಳ ನಡುವೆ ನೊರೆಗಟ್ಟಿ ಹರಿಯುವುದೇ ವೃಷಭಾವತಿ. ಪರದೆಯಲ್ಲಿ ಅಷ್ಟು ಅಗಲ ಕಂಡದ್ದು ಅದರ ಕಣಿವೆ. ನದಿಯ ಎರಡು ದಡಗಳು ಹಲವೆಡೆ 30 ಮೀಟರಿನ ಒಂದೇ ಚೌಕದೊಳಗೆ ಮುಗಿದುಹೋಗಿರುತ್ತವೆ.