ಶಿಮೊನಾದ ನಿಲ್ದಾಣಕ್ಕೆ ಹೊರಡುವ ಮುನ್ನ

ಜಪಾನಿನ ಶಿಕೋಕು ದ್ವೀಪದ ಎಹಿಮೆ ಪ್ರಾಂತ್ಯದಲ್ಲಿರುವ, ಕಡಲ ನೋಟಕ್ಕೆ ಹೆಸರಾದ ಶಿಮೊನಾದ ರೈಲು ನಿಲ್ದಾಣವನ್ನು ನೋಡಬಯಸುವವರು ಪ್ರಾಂತ್ಯದ ರಾಜಧಾನಿ ಮತ್ಸುಯಾಮದಲ್ಲಿ ಕೈಗೆ ಸಿಕ್ಕ ರೈಲು ಹತ್ತಬಾರದು. ಅಲ್ಲಿಂದ ಮುಂದೆ ಸಾಗುವ ಯೋಸಾನ್ ರೈಲು ಮಾರ್ಗವು ಮುಕಾಯಿಬಾರಾ ಎಂಬಲ್ಲಿ ಕವಲೊಡೆಯುತ್ತದೆ. ಒಂದು ಕವಲು ಗುಡ್ಡಗಳನ್ನು ಕೊರೆದು ಉಚಿಕೋ ಊರಿನ ಮೇಲೆ ಹೋದರೆ, ಇನ್ನೊಂದು ಕಡಲ ದಂಡೆಯನ್ನೇ ಹಿಡಿದು ಇಯೊ-ನಾಗಹಾಮದ ಕಡೆಗೆ ಸಾಗುತ್ತದೆ. ಎಕ್ಸ್‌ಪ್ರೆಸ್‌ಗಳೆಲ್ಲ ಗುಡ್ಡದ ದಾರಿಯವು. ಲೋಕಲ್‌ಗಳಲ್ಲೂ ಕೆಲವು ಅತ್ತಲೇ ಹೋಗುವುದರಿಂದ, ನಾಗಹಾಮದ ಮೂಲಕ ಹೋಗುವ ರೈಲೇ ಎಂದು ಖಚಿತಪಡಿಸಿಕೊಂಡು ಹತ್ತಬೇಕು. ಪ್ರಯಾಣ ಸುಮಾರು ಒಂದು ಗಂಟೆಯದು.

ಈ ಕವಲಿನಲ್ಲೇ ನಿಲ್ದಾಣದ ಇತಿಹಾಸವೂ ಇದೆ. 1935ರ ಜೂನ್‌ನಲ್ಲಿ ಶಿಮೊನಾದ ತೆರೆದಾಗ ಹಳಿ ಅಲ್ಲಿಗೇ ಮುಗಿಯುತ್ತಿತ್ತು; ಅದೇ ವರ್ಷದ ಅಕ್ಟೋಬರ್‌ನಲ್ಲಿ ನಾಗಹಾಮಕ್ಕೆ ಕೂಡಿಕೊಂಡಿತು. ಮುಂದಿನ ಐವತ್ತು ವರ್ಷ ಇದೇ ಮುಖ್ಯ ಮಾರ್ಗವಾಗಿತ್ತು. 1986ರ ಮಾರ್ಚ್‌ನಲ್ಲಿ ಸುಮಾರು ಆರು ಕಿಲೋಮೀಟರ್ ಉದ್ದದ ಇನುಯೋಸೆ ಸುರಂಗವನ್ನೊಳಗೊಂಡ ಒಳದಾರಿ ತೆರೆದ ಮೇಲೆ, ಕರಾವಳಿಯ ಪಾಲಿಗೆ ಉಳಿದದ್ದು ಒಂದೆರಡು ಬೋಗಿಗಳ ಡೀಸೆಲ್ ಲೋಕಲ್‌ಗಳು ಮಾತ್ರ. ಹಾಗೆ ಬದಿಗೆ ಸರಿದದ್ದರಿಂದಲೇ ಪುಟ್ಟ ಮರದ ಕಟ್ಟಡವೂ ಒಂಟಿ ಪ್ಲಾಟ್‌ಫಾರ್ಮೂ ಹೆಚ್ಚು ಬದಲಾಗದೆ ಉಳಿದವೆಂದು ನನ್ನ ಊಹೆ. 1990ರ ದಶಕದ ಕೊನೆಯಲ್ಲಿ, ಲೋಕಲ್ ರೈಲುಗಳಲ್ಲಿ ಅಗ್ಗವಾಗಿ ಸುತ್ತಲು ಕೊಡುವ ‘ಸೇಯ್‌ಶುನ್ 18’ ಟಿಕೆಟ್ಟಿನ ಪೋಸ್ಟರ್‌ಗಳಲ್ಲಿ ಕಾಣಿಸಿಕೊಂಡ ಮೇಲೆ ಇದು ದೇಶಕ್ಕೆಲ್ಲ ಪರಿಚಿತವಾಯಿತು.

ಚಿತ್ರಗಳನ್ನು ನೋಡಿ ಅಲೆಗಳು ಪ್ಲಾಟ್‌ಫಾರ್ಮಿನ ಅಂಚಿಗೇ ಬಡಿಯುತ್ತವೆ ಎಂದುಕೊಂಡು ಬಂದವರಿಗೆ ಸ್ವಲ್ಪ ನಿರಾಸೆಯಾದೀತು. ಒಂದು ಕಾಲಕ್ಕೆ ಜಪಾನಿನಲ್ಲೇ ಕಡಲಿಗೆ ಅತಿ ಹತ್ತಿರದ ನಿಲ್ದಾಣವೆಂದು ಹೆಸರಾಗಿದ್ದ ಇದರ ಮುಂದೆ, ಸಮುದ್ರವನ್ನು ತುಂಬಿಸಿ 378ನೇ ಹೆದ್ದಾರಿಯನ್ನು ಹಾಕಲಾಗಿದೆ. ಆದರೆ ರಸ್ತೆ ಕೆಳಗಿದೆ, ನಿಲ್ದಾಣ ಮೇಲಿದೆ. ತೆಳುವಾದ ಕಂಬಗಳ ಮೇಲೆ ನಿಂತ ಮಾಡಿನ ಕೆಳಗಿನ ಬೆಂಚಿನಲ್ಲಿ ಕುಳಿತರೆ ಹೆದ್ದಾರಿ ಕಣ್ಣಿಗೆ ಬೀಳುವುದಿಲ್ಲ; ಪ್ಲಾಟ್‌ಫಾರ್ಮಿನ ಅಂಚಿನಾಚೆ ನೇರವಾಗಿ ಇಯೊ-ನಾದ ಸಮುದ್ರವೇ ಹರಡಿಕೊಳ್ಳುತ್ತದೆ. ಎಲ್ಲರಿಗೂ ಬೇಕಾದದ್ದು ಆ ಬೆಂಚೇ ಆದ್ದರಿಂದ ಸಂಜೆ ಸರದಿ ನಿಲ್ಲಬೇಕಾಗುತ್ತದೆ. ಬಹುಪಾಲು ಜನ ರೈಲಿನಲ್ಲಲ್ಲ, ಕಾರಿನಲ್ಲಿ ಬಂದಿರುತ್ತಾರೆಂಬುದು ತಮಾಷೆಯ ಸಂಗತಿ.

ಇಲ್ಲಿ ಸಿಬ್ಬಂದಿ ಇಲ್ಲ, ಯಂತ್ರಕ್ಕೆ ತಾಗಿಸಿ ಹಣ ಕೊಡುವ ಐಸಿ ಕಾರ್ಡೂ ನಡೆಯುವುದಿಲ್ಲ. ಆದ್ದರಿಂದ ಮತ್ಸುಯಾಮದಲ್ಲೇ ಕಾಗದದ ಟಿಕೆಟ್ ಕೊಳ್ಳುವುದು ಒಳ್ಳೆಯದು. ಮರಳುವಾಗ ಬೋಗಿಯೊಳಗಿನ ಯಂತ್ರದಿಂದ ಸಂಖ್ಯೆಯ ಚೀಟಿ ತೆಗೆದುಕೊಂಡು, ಇಳಿಯುವಲ್ಲಿ ಹಣ ಕೊಡಬೇಕು. ಚಿಲ್ಲರೆ ಇರಲಿ. ಶಿಕೋಕುವಿನ ರೈಲು ಪಾಸ್ ಇದ್ದರೆ ಈ ತಾಪತ್ರಯವಿಲ್ಲ. ಹಸಿವಿಗೆ ಬೇಕಾದದ್ದನ್ನು ಮತ್ಸುಯಾಮದಲ್ಲೇ ಕಟ್ಟಿಕೊಳ್ಳಿ. ಎಹಿಮೆಯ ಮಿಕಾನ್ ಕಿತ್ತಳೆಯಂತೂ ಸಸ್ಯಾಹಾರಿಗಳಿಗೆ ಕಣ್ಣುಮುಚ್ಚಿ ತಿನ್ನಬಹುದಾದ ತಿಂಡಿ.

‘ಇಯೊನಾದ ಮೊನೊಗತಾರಿ’ ಎಂಬ ಪ್ರವಾಸಿ ರೈಲೂ ಇಲ್ಲಿ ಕೆಲವು ನಿಮಿಷ ನಿಲ್ಲುತ್ತದೆ. ಅದು ಹೆಚ್ಚಾಗಿ ವಾರಾಂತ್ಯದಲ್ಲಿ ಓಡುತ್ತದೆ, ಮುಂಗಡ ಕಾಯ್ದಿರಿಸಲೇಬೇಕು. ಊಟದೊಂದಿಗೆ ಸುಖವಾಗಿ ಹೋಗಬಯಸುವವರಿಗೆ ಅದು ಸರಿ. ನಿಲ್ದಾಣದಲ್ಲೇ ಹೊತ್ತು ಕಳೆಯಬೇಕೆನ್ನುವವರಿಗೆ ಸಾಮಾನ್ಯ ಲೋಕಲ್ಲೇ ವಾಸಿ.

ಸೂರ್ಯಾಸ್ತ ಜೂನ್‌ನಲ್ಲಿ ಏಳು ಗಂಟೆ ದಾಟಿದ ಮೇಲೆ, ಡಿಸೆಂಬರ್‌ನಲ್ಲಿ ಐದರ ಸುಮಾರಿಗೆ. ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಒಂದೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕಾಗುವುದರಿಂದ, ಮೊದಲು ಮರಳುವ ರೈಲನ್ನು ಗೊತ್ತುಮಾಡಿಕೊಂಡು, ಅದಕ್ಕೆ ತಕ್ಕಂತೆ ಹೋಗುವ ರೈಲನ್ನು ಆರಿಸಿಕೊಳ್ಳಿ.